ಪಳಗಿದ ಕೈ ಮತ್ತೆ ಕಲಿಯುವುದು ಹೇಗೆ?

ವಿಷಯ ಮಂಡನೆ: ತಾಲ್ಲೂಕು ವಕೀಲ, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ನ್ಯಾಯಾಲಯವೊಂದರಲ್ಲಿ 31 ವರ್ಷಗಳಿಂದ ವಕೀಲಿಕೆ ಮಾಡುತ್ತಿದ್ದೇನೆ. ನನ್ನ ಕಚೇರಿಗೆ ಬರುವುದರಲ್ಲಿ ಮುಕ್ಕಾಲು ಪಾಲು ಕ್ರಿಮಿನಲ್ ಪ್ರಕರಣಗಳೇ. 2024ರ ಜುಲೈ 1ರ ಬೆಳಗ್ಗೆ ನಾನು ಕೋಟು ಹಾಕಿಕೊಂಡು ಹೊರಡುವ ಹೊತ್ತಿಗೆ, ಅಷ್ಟು ವರ್ಷ ನನಗೆ ಅನ್ನ ಕೊಟ್ಟ ಮೂರು ಕಾನೂನುಗಳೂ ಒಟ್ಟಿಗೆ ಹಳೆಯವಾಗಿದ್ದವು. 1860ರ ಭಾರತೀಯ ದಂಡ ಸಂಹಿತೆಯ 511 ಕಲಂಗಳ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆಯ 358 ಕಲಂಗಳು ಬಂದವು. 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 531 ಕಲಂಗಳ ನಾಗರಿಕ ಸುರಕ್ಷಾ ಸಂಹಿತೆ ಬಂತು, 1872ರ ಸಾಕ್ಷ್ಯ ಕಾಯಿದೆಯ ಜಾಗಕ್ಕೆ 170 ಕಲಂಗಳ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು.

ಹೊಸ ಪುಸ್ತಕಗಳನ್ನು ಓದಿ ಅರ್ಥ ಮಾಡಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ, ಏಕೆಂದರೆ ಅಪರಾಧಗಳ ತಿರುಳು ಬಹುಮಟ್ಟಿಗೆ ಹಿಂದಿನದೇ. ಕಷ್ಟ ಇರುವುದು ಬೇರೆ ಕಡೆ. ಕೊಲೆ ಎಂದ ಕೂಡಲೇ ನನ್ನ ನಾಲಿಗೆಗೆ 302 ಬರುತ್ತದೆ. ಈಗ ಅದು 103. ಹಳೆಯ ಸಂಖ್ಯೆ ಖಾಲಿ ಬಿದ್ದಿದ್ದರೆ ತಪ್ಪು ಕೂಡಲೇ ಗೊತ್ತಾಗುತ್ತಿತ್ತು. ಆದರೆ ಹೊಸ ಸಂಹಿತೆಯಲ್ಲೂ 302 ಇದೆ, ಅದು ಬೇಕೆಂದೇ ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತಿಗೆ ಸಂಬಂಧಿಸಿದ್ದು. ಪ್ರಕ್ರಿಯೆಯ ಕಾನೂನಿನಲ್ಲಿ ಇನ್ನೂ ತೊಡಕು. ಪ್ರಕರಣವನ್ನೇ ರದ್ದುಗೊಳಿಸಬಲ್ಲ ಉಚ್ಚ ನ್ಯಾಯಾಲಯದ ಅಂತರ್ಗತ ಅಧಿಕಾರ ಎಂದರೆ ನಮಗೆಲ್ಲ 482. ಈಗ ಅದು 528, ಮತ್ತು ಹೊಸ 482 ಎಂದರೆ ಬಂಧನಕ್ಕೆ ಮುಂಚೆಯೇ ಕೋರುವ ನಿರೀಕ್ಷಣಾ ಜಾಮೀನು, ಅಂದರೆ ನಮ್ಮ ಹಳೆಯ 438.

ಕಳೆದ ತಿಂಗಳು ಸೆಷನ್ಸ್ ನ್ಯಾಯಾಲಯಕ್ಕೆ ಸಲ್ಲಿಸಬೇಕಾಗಿದ್ದ ಒಂದು ನಿರೀಕ್ಷಣಾ ಜಾಮೀನು ಅರ್ಜಿಗೆ ನಾನು 438 ಎಂದೇ ಬರೆಯಿಸಿದ್ದೆ. ಅರ್ಜಿಗೆ ನ್ಯಾಯಾಲಯದ ಕಚೇರಿಯ ಆಕ್ಷೇಪಣೆ ಬಂತು, ತಿದ್ದಿ ಕೊಡುವಷ್ಟರಲ್ಲಿ ಒಂದು ದಿನ ಹೋಯಿತು. ಆ ಒಂದು ರಾತ್ರಿ ನನ್ನ ಕಕ್ಷಿದಾರ ಮನೆಗೆ ಹೋಗಲಾಗದೆ ಸಂಬಂಧಿಕರ ಅಡಿಕೆ ತೋಟದ ಮನೆಯಲ್ಲಿ ಕಳೆದರು. ನನಗೆ ಕಾನೂನು ಗೊತ್ತಿಲ್ಲದೆ ಆದ ತಪ್ಪು ಅದಲ್ಲ. ಹಳೆಯದು ಅತಿ ಚೆನ್ನಾಗಿ ಗೊತ್ತಿದ್ದುದರಿಂದ ಆದ ತಪ್ಪು.

ತರಬೇತಿ ಶಿಬಿರಗಳ ಪಟ್ಟಿ ನನಗೆ ಬೇಕಾಗಿಲ್ಲ, ಅವು ಸಿಗುತ್ತವೆ. ತಮ್ಮ ತಮ್ಮ ಕಸುಬಿನಲ್ಲಿ ನುರಿತವರಾಗಿದ್ದು, ನಡುವಯಸ್ಸು ದಾಟಿದ ಮೇಲೆ ಮತ್ತೆ ಮೊದಲಿನಿಂದ ಕಲಿಯಬೇಕಾಗಿ ಬಂದವರು ಇಲ್ಲಿ ಅನೇಕರಿದ್ದೀರಿ. ನೀವು ನಿಜವಾಗಿ ಏನು ಮಾಡಿದಿರಿ? ದಿನ ದಿನದ ಕ್ರಮ ಹೇಗಿತ್ತು? ಯಾವುದು ಕೈಹಿಡಿಯಿತು, ಯಾವುದು ವ್ಯರ್ಥವಾಯಿತು?

ಶಸ್ತ್ರಚಿಕಿತ್ಸಕ, ಧಾರವಾಡ

ವಕೀಲರೇ, ನಿಮ್ಮ ಕೊನೆಯ ಮಾತನ್ನು ನಾನು ಎರಡು ಸಲ ಓದಿದೆ. ಹಳೆಯದು ಚೆನ್ನಾಗಿ ಗೊತ್ತಿದ್ದುದೇ ಅಡ್ಡಿಯಾಯಿತು ಎಂಬುದು ನನ್ನ ಅನುಭವವೂ ಹೌದು.

2009ರಲ್ಲಿ ನನಗೆ 46 ವರ್ಷ. ಪಿತ್ತಕೋಶದ ಕಲ್ಲಿಗೆ ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯನ್ನು ಆ ಹೊತ್ತಿಗೆ ನೂರಾರು ಸಲ ಮಾಡಿದ್ದೆ. ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣ ತೂರಿಸಿ, ಪರದೆ ನೋಡುತ್ತಾ ಮಾಡುವ ಶಸ್ತ್ರಚಿಕಿತ್ಸೆ, ಆಗ ಹೊಸ ಸಂಗತಿಯೇನೂ ಆಗಿರಲಿಲ್ಲ. ಜರ್ಮನಿಯಲ್ಲಿ ಎರಿಕ್ ಮ್ಯೂಹೆ ಅವರು 1985ರಲ್ಲಿಯೇ ಆ ವಿಧಾನದಿಂದ ಪಿತ್ತಕೋಶ ತೆಗೆದಿದ್ದರು. ನಮ್ಮ ದೇಶದಲ್ಲಿ 1990ರಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಅದನ್ನು ಆರಂಭಿಸಿದ್ದರು. ಹಾಗಾದರೆ ನಾನು ಸುಮಾರು ಎರಡು ದಶಕ ಏಕೆ ಕಲಿಯಲಿಲ್ಲ? ಸೋಮಾರಿತನ ಕಾರಣವಲ್ಲ. ನನ್ನ ಕೈ ಚೆನ್ನಾಗಿತ್ತು, ರೋಗಿಗಳು ಗುಣವಾಗಿ ಮನೆಗೆ ಹೋಗುತ್ತಿದ್ದರು, ಊರಿನಲ್ಲಿ ಹೆಸರಿತ್ತು. ಚೆನ್ನಾಗಿ ನಡೆಯುತ್ತಿರುವುದನ್ನು ಬಿಟ್ಟು, ಕೆಲವು ತಿಂಗಳು ಕೆಟ್ಟದಾಗಿ ಮಾಡಲು ಒಪ್ಪಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಕೊನೆಗೆ ಹೊರಟಾಗ ಎದುರಾದದ್ದು ಇದು. ಹೊಟ್ಟೆಯ ಗೋಡೆಯಲ್ಲಿ ಮಾಡಿದ ಸಣ್ಣ ರಂಧ್ರವೇ ಉಪಕರಣಕ್ಕೆ ಆನಿಕೆಯಾಗುವುದರಿಂದ, ನನ್ನ ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುತ್ತದೆ. ಪರದೆಯ ಮೇಲೆ ಆಳ ಕಾಣುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬೆರಳಿಗೆ ಅಂಗಾಂಶ ತಾಗುವುದಿಲ್ಲ. ಕಲ್ಲು ಎಲ್ಲಿದೆ, ನಾಳ ಎಷ್ಟು ದಪ್ಪ ಎಂಬುದನ್ನು ಇಪ್ಪತ್ತು ವರ್ಷ ನನಗೆ ಹೇಳಿಕೊಟ್ಟಿದ್ದವು ನನ್ನ ಬೆರಳುಗಳು. ಅವು ಒಮ್ಮೆಗೇ ಕುರುಡಾದಂತಾಯಿತು.

ನಾನು ಮೂರು ಕೆಲಸ ಮಾಡಿದೆ. ಮೊದಲನೆಯದಾಗಿ, ಅಡುಗೆಮನೆಯ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ರಂಧ್ರ ಕೊರೆದು, ಒಳಗೆ ವೆಬ್ ಕ್ಯಾಮೆರಾ ಕೂರಿಸಿ, ಹಳೆಯ ಲ್ಯಾಪರೋಸ್ಕೋಪಿ ಉಪಕರಣಗಳಿಂದ ತೊಗರಿಕಾಳುಗಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಲು ಆರಂಭಿಸಿದೆ. ಮೊದಲ ದಿನ 20 ಕಾಳಿಗೆ 14 ನಿಮಿಷ ಹಿಡಿಯಿತು, ಅದರಲ್ಲಿ ಏಳು ಕಾಳು ಬಟ್ಟಲಿನ ಹೊರಗೆ ಬಿದ್ದವು. ಕಾಳು ಆದ ಮೇಲೆ ದ್ರಾಕ್ಷಿಯ ಸಿಪ್ಪೆ ಬಿಡಿಸುವುದು, ಅದಾದ ಮೇಲೆ ದಾರಕ್ಕೆ ಗಂಟು ಹಾಕುವುದು. ದಿನಕ್ಕೆ ಅರ್ಧ ಗಂಟೆ, ಆರು ವಾರ. ಕೊನೆಗೆ ಅಷ್ಟೇ ಕಾಳಿಗೆ ನಾಲ್ಕು ನಿಮಿಷ ಸಾಕಾಯಿತು. ಆ ಡಬ್ಬಿಯಲ್ಲಿ ನಾನು ಎಷ್ಟು ತಪ್ಪು ಮಾಡಿದರೂ ಯಾವ ರೋಗಿಗೂ ನೋವಾಗುತ್ತಿರಲಿಲ್ಲ.

ಎರಡನೆಯದಾಗಿ, ನನ್ನ ಬಳಿ ಮೊದಲು ಕೆಲಸ ಕಲಿತು ಈಗ ಲ್ಯಾಪರೋಸ್ಕೋಪಿಯಲ್ಲಿ ನುರಿತಿದ್ದ ವೈದ್ಯರೊಬ್ಬರನ್ನು ಕೇಳಿಕೊಂಡು, ಮೂರು ತಿಂಗಳು ಅವರಿಗೆ ಕ್ಯಾಮೆರಾ ಹಿಡಿದೆ. ಅದು ಸಾಮಾನ್ಯವಾಗಿ ಹೊಸದಾಗಿ ಬಂದವರ ಕೆಲಸ. ಅವರಿಗೆ ಮೊದಮೊದಲು ಸಂಕೋಚ, "ಸರ್, ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಿ" ಎನ್ನಲೂ ತಡವರಿಸುತ್ತಿದ್ದರು. ನಾನೇ ಒಂದು ದಿನ ಅವರನ್ನು ಕೂರಿಸಿಕೊಂಡು, ಒಳಗೆ ಇರುವಷ್ಟು ಹೊತ್ತು ಸರ್ ಎನ್ನುವುದನ್ನು ಬಿಡಿ, ತಪ್ಪಾದರೆ ತಪ್ಪು ಎಂದೇ ಹೇಳಿ ಎಂದೆ. ಆಮೇಲೆ ಕಲಿಕೆ ವೇಗವಾಯಿತು.

ಮೂರನೆಯದು ಒಂದು ನಿಯಮ. ಶಸ್ತ್ರಚಿಕಿತ್ಸಕ ಸ್ಟ್ರಾಸ್‌ಬರ್ಗ್ ಅವರು 1995ರಲ್ಲಿ ಸ್ಪಷ್ಟಪಡಿಸಿದ ಒಂದು ಸುರಕ್ಷತಾ ಕ್ರಮವಿದೆ. ಕೊಬ್ಬು ಮತ್ತು ಪೊರೆಯನ್ನೆಲ್ಲ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಪಿತ್ತಕೋಶದೊಳಕ್ಕೆ ಎರಡೇ ಎರಡು ರಚನೆಗಳು ಹೋಗುತ್ತಿರುವುದು ಕಣ್ಣಿಗೆ ಕಾಣುವವರೆಗೆ ಏನನ್ನೂ ಕತ್ತರಿಸಬಾರದು. ಇದಕ್ಕೆ ನನ್ನದೊಂದು ಸೇರಿಸಿಕೊಂಡೆ: ಅರ್ಧ ಗಂಟೆಯಲ್ಲಿ ಮುಂದೆ ಸಾಗದಿದ್ದರೆ ಹೊಟ್ಟೆ ತೆರೆಯುವುದು. ಆ ತೀರ್ಮಾನವನ್ನು ಮೊದಲೇ ಮಾಡಿಟ್ಟುಕೊಂಡು ಒಳಗೆ ಹೋಗುತ್ತಿದ್ದೆ, ಏಕೆಂದರೆ ಆ ಗಳಿಗೆಯಲ್ಲಿ ಮನಸ್ಸು ಹಟಕ್ಕೆ ಬೀಳುತ್ತದೆ. ಮೊದಲ ವರ್ಷ ಹಾಗೆ ಅನೇಕ ಸಲ ತೆರೆದೆ. ನನ್ನ ಹಳೆಯ ಕೈಚಳಕ ಅಲ್ಲಿ ರೋಗಿಯನ್ನು ಕಾಪಾಡಿತು.

ತೆರಿಗೆ ಸಲಹೆಗಾರ್ತಿ, ಹುಬ್ಬಳ್ಳಿ

ಡಾಕ್ಟರ ಬರಹ ಚೆನ್ನಾಗಿದೆ. ಆದರೆ ದಿನಕ್ಕೆ ಅರ್ಧ ಗಂಟೆ, ಮೂರು ತಿಂಗಳ ಶಿಷ್ಯತ್ವ ಎಲ್ಲರಿಗೂ ದಕ್ಕುವುದಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ನನ್ನ ಬಳಿ ಎಪ್ಪತ್ತು ವ್ಯಾಪಾರಿಗಳ ಲೆಕ್ಕವಿತ್ತು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯವರಿದ್ದರು, ಮಗಳಿಗೆ ಹತ್ತನೆಯ ತರಗತಿ. ಬೆಳಗ್ಗೆ ಐದಕ್ಕೆ ಎದ್ದು ಓದಿದರೆ ಏಳಕ್ಕೆ ಮರೆತಿರುತ್ತಿತ್ತು.

ನನಗೆ ಕೈಹಿಡಿದದ್ದು ಒಂದೇ ಉಪಾಯ. ಎಪ್ಪತ್ತು ಜನರಲ್ಲಿ ಅತ್ಯಂತ ಸರಳವಾದ ಒಬ್ಬ ಕಿರಾಣಿ ವ್ಯಾಪಾರಿಯ ಲೆಕ್ಕವನ್ನು ಆರಿಸಿಕೊಂಡೆ. ಆ ಒಂದು ಲೆಕ್ಕವನ್ನು ನೋಂದಣಿಯಿಂದ ಹಿಡಿದು, ಖರೀದಿಗೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಹೂಡುವಳಿ ತೆರಿಗೆ ಜಮೆಯವರೆಗೆ, ಪ್ರತಿ ಸಾಲಿಗೂ ಯಾಕೆ ಎಂದು ಕೇಳಿಕೊಂಡು, ಕಾಗದದ ಮೇಲೆ ಕೈಯಿಂದ ಮಾಡಿದೆ. ಅದಕ್ಕೆ ನಾಲ್ಕು ದಿನ ಹಿಡಿಯಿತು. ಉಳಿದ ಅರವತ್ತೊಂಬತ್ತು ಲೆಕ್ಕಗಳು ಅದರಿಂದ ಎಲ್ಲಿ ಭಿನ್ನ ಎಂದು ನೋಡುತ್ತಾ ಹೋದೆ. ಓದುವ ಸಮಯವನ್ನು ಕೆಲಸದ ಹೊರಗೆ ಹುಡುಕುವ ಬದಲು ಕೆಲಸದ ಒಳಗೇ ಇಟ್ಟೆ ಎನ್ನಬಹುದು. ವಕೀಲರೇ, ನೀವೂ ಒಂದು ಕಡತದಿಂದ ಆರಂಭಿಸಿ.

ನಿವೃತ್ತ ತರಬೇತಿ ಅಧಿಕಾರಿ, ತುಮಕೂರು

ಶಿಬಿರಗಳನ್ನು ಇಲ್ಲಿ ಸ್ವಲ್ಪ ಹಗುರವಾಗಿ ಕಾಣಲಾಗುತ್ತಿದೆ ಎಂದು ನನಗನಿಸುತ್ತದೆ. ವೈದ್ಯರಿಗೆ 2002ರ ವೃತ್ತಿ ನಡತೆಯ ನಿಯಮಾವಳಿಯಲ್ಲೇ ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣ ಪಡೆಯಬೇಕೆಂದಿದೆ. ಅಂಥದ್ದೊಂದು ಕಟ್ಟುಪಾಡು ಇಲ್ಲದಿದ್ದರೆ ಎಷ್ಟು ಜನ ಪುಸ್ತಕ ತೆರೆಯುತ್ತಿದ್ದರು? ಸ್ವಂತ ಆಸಕ್ತಿಯಿಂದ ಡಬ್ಬಿ ಕೊರೆದು ಕಾಳು ಎತ್ತುವವರು ನೂರಕ್ಕೆ ಒಬ್ಬರು. ಉಳಿದ ತೊಂಬತ್ತೊಂಬತ್ತು ಜನರನ್ನು ಒಂದು ಕನಿಷ್ಠ ಮಟ್ಟಕ್ಕೆ ತರುವುದು ತರಗತಿಯ ಕೆಲಸ, ಮತ್ತು ನನ್ನ ಸೇವೆಯ ಬಹುಭಾಗವನ್ನು ನಾನು ಅದಕ್ಕೇ ಕೊಟ್ಟಿದ್ದೇನೆ.

ಶಸ್ತ್ರಚಿಕಿತ್ಸಕ, ಧಾರವಾಡ

ನಿಮ್ಮ ಮಾತನ್ನು ಒಪ್ಪುತ್ತೇನೆ, ಹೊಸದೊಂದು ಇದೆ ಎಂದು ತಿಳಿಯುವುದಕ್ಕೆ ಶಿಬಿರ ಬೇಕೇ ಬೇಕು. ನಾನು ಕೂಡ ಮೊದಲು ಎರಡು ದಿನದ ಶಿಬಿರಕ್ಕೇ ಹೋಗಿದ್ದೆ. ನನ್ನ ಆಕ್ಷೇಪ ಇರುವುದು ಗಂಟೆಗಳ ಲೆಕ್ಕದ ಬಗ್ಗೆ. ಗಂಟೆ ಎಣಿಸಿದರೆ ಹಾಜರಿ ಗೊತ್ತಾಗುತ್ತದೆ, ಕೈ ಬದಲಾಯಿತೇ ಎಂಬುದು ಗೊತ್ತಾಗುವುದಿಲ್ಲ. ವೈದ್ಯರ ಅನುಭವದ ವರ್ಷಗಳಿಗೂ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ಸಂಬಂಧವನ್ನು ಹುಡುಕಿದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದಲ್ಲಿ 2005ರಲ್ಲಿ ಒಂದು ಪರಿಶೀಲನೆ ಪ್ರಕಟವಾಯಿತು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚಿನವು, ವರ್ಷಗಳು ಏರಿದಂತೆ ಜ್ಞಾನ ಮತ್ತು ಗುಣಮಟ್ಟ ಇಳಿಯುವುದನ್ನೇ ತೋರಿಸಿದ್ದವು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕೂಡ ನನ್ನ ವರ್ಷಗಳನ್ನೇ ಅರ್ಹತೆ ಎಂದು ನಂಬಿ ಕುಳಿತಿದ್ದವನು.

ಗ್ಯಾರೇಜ್ ನಡೆಸುವವನು, ಹಾಸನ

ನಾನು ಓದಿದ್ದು ಎಂಟನೆಯ ತರಗತಿ, ಬರವಣಿಗೆಯಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು. ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವುದರಲ್ಲಿ ನಮ್ಮ ಊರಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇಂಧನ ಇಂಜೆಕ್ಷನ್ ಇರುವ ಗಾಡಿಗಳು ಬಂದ ಮೇಲೆ, ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕದೆ ಕೆಲಸವೇ ಇಲ್ಲ ಎಂದಾಯಿತು. 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿಯ ಬಿಎಸ್ 6 ನಿಯಮ ಬಂದು, ಬೈಕುಗಳಿಗೂ ಅದೇ ಗತಿಯಾಯಿತು. ಸ್ಕ್ಯಾನರ್ ಕೊಂಡು ಎರಡು ವರ್ಷ ಅದನ್ನು ಮುಟ್ಟಲು ಹೆದರಿ, ಹುಡುಗರ ಕೈಗೆ ಕೊಟ್ಟಿದ್ದೆ.

ಒಂದು ಕಾರು ಬಂತು. ಸ್ಕ್ಯಾನರಿನಲ್ಲಿ ಪಿ 0171 ಎಂಬ ಕೋಡ್. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಹುಡುಗರು ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು, ಕೋಡ್ ಮತ್ತೆ ಬಂತು. ಗಾಳಿ ಅಳೆಯುವ ಸೆನ್ಸರನ್ನೂ ಬದಲಾಯಿಸಿದರು, ಮತ್ತೂ ಬಂತು. ಗಿರಾಕಿಯ ಹಣ ಹೋಗುತ್ತಿತ್ತು. ನಾನು ಬಾನೆಟ್ ಎತ್ತಿ, ಇಂಜಿನ್ ಐಡ್ಲಿಂಗಿನಲ್ಲಿ ಬಿಟ್ಟು, ಕಿವಿ ಹತ್ತಿರ ಇಟ್ಟೆ. ಸಣ್ಣಗೆ ಸೀಟಿ ಹೊಡೆದಂತೆ ಶಬ್ದ. ಇನ್‌ಟೇಕಿನ ಕೆಳಗೆ ಹೋಗುವ ಒಂದು ರಬ್ಬರ್ ಕೊಳವೆ ಬಾಗಿನಲ್ಲಿ ಬಿರುಕು ಬಿಟ್ಟಿತ್ತು, ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಆ ಶಬ್ದ ನನಗೆ ಕಾರ್ಬ್ಯುರೇಟರ್ ಕಾಲದಿಂದಲೂ ಗೊತ್ತು.

ಅವತ್ತಿನಿಂದ ಹೆದರಿಕೆ ಬಿಟ್ಟೆ. ಸ್ಕ್ಯಾನರ್ ಹೇಳುವುದು ಇಂಜಿನ್ನಿಗೆ ಏನಾಗುತ್ತಿದೆ ಎಂದು, ಅದು ಯಾಕಾಗುತ್ತಿದೆ ಎಂದು ಹುಡುಕುವುದು ನಾನು ಎಂದು ಗೊತ್ತಾಯಿತು. ಈಗ ಪ್ರತಿ ಕೋಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮೊದಲು ನನ್ನ ಊಹೆ ಬರೆಯುವುದು, ಆಮೇಲೆ ಬಿಚ್ಚಿ ನೋಡುವುದು, ಊಹೆ ತಪ್ಪಾಗಿದ್ದರೆ ಕೆಂಪು ಗೆರೆ. ಮೊದಲ ಪುಟಗಳೆಲ್ಲ ಕೆಂಪೇ. ಬ್ಯಾಟರಿ ಗಾಡಿಗಳ ವಿಷಯ ಬೇರೆ. ಅಲ್ಲಿ ಕರೆಂಟಿನ ಒತ್ತಡ ಜೀವಕ್ಕೇ ಅಪಾಯ, ಊಹೆ ಮಾಡಿ ಬಿಚ್ಚುವ ಹಾಗಿಲ್ಲ. ಅದಕ್ಕೆ ಸರಿಯಾದ ತರಬೇತಿಗೇ ಹೋಗಬೇಕು, ತುಮಕೂರಿನ ಸಾಹೇಬರ ಮಾತು ಅಲ್ಲಿ ಸರಿ.

ಶಿಕ್ಷಣ ಕಾಲೇಜಿನ ಉಪನ್ಯಾಸಕಿ, ಮೈಸೂರು

ಹಾಸನದ ಅಣ್ಣ ಮಾಡುತ್ತಿರುವುದು, ಅಂದರೆ ಊಹೆಯನ್ನು ಮೊದಲು ಬರೆದು ಆಮೇಲೆ ನೋಡುವುದು, ಕಲಿಕೆಯ ಅಧ್ಯಯನಗಳು ಹೇಳುವುದಕ್ಕೆ ಬಹಳ ಹತ್ತಿರವಾಗಿದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವು ವಿದ್ಯಾರ್ಥಿಗಳು ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ನೆನಪಿಸಿಕೊಂಡು ಬರೆದವರು ಬಹಳ ಮುಂದಿದ್ದರು. ಹುಬ್ಬಳ್ಳಿಯ ಅಕ್ಕನವರು ಐದಕ್ಕೆ ಓದಿದ್ದು ಏಳಕ್ಕೆ ಮರೆತಿತು ಎಂದು ತಮ್ಮನ್ನು ತಾವು ದೂಷಿಸಿಕೊಳ್ಳಬೇಕಾಗಿಲ್ಲ. ಓದುವ ಕ್ರಮವೇ ಹಾಗೆ.

ವಕೀಲರಿಗೆ ಒಂದು ನೇರ ಪ್ರಶ್ನೆ. ಹೊಸ ಸಂಖ್ಯೆಗಳನ್ನು ಕಲಿಯಲು ನೀವು ಹಳೆಯದು ಮತ್ತು ಹೊಸದು ಎಂಬ ಎರಡು ಕಾಲಮ್ಮಿನ ಪಟ್ಟಿಯನ್ನು ಬಳಸುತ್ತಿದ್ದೀರಾ?

ತಾಲ್ಲೂಕು ವಕೀಲ, ಶಿವಮೊಗ್ಗ ಜಿಲ್ಲೆ

ಹೌದು ಮೇಡಂ. ಮೇಜಿನ ಗಾಜಿನ ಕೆಳಗೇ ಇಟ್ಟಿದ್ದೇನೆ. 420 ಎಂದರೆ 318ರ ಉಪಕಲಂ 4, 307 ಎಂದರೆ 109, 498ಎ ಎಂದರೆ 85, ಹೀಗೆ.

ಶಿಕ್ಷಣ ಕಾಲೇಜಿನ ಉಪನ್ಯಾಸಕಿ, ಮೈಸೂರು

ತೊಡಕು ಅಲ್ಲಿಯೇ ಇದೆ ಎಂದು ನನ್ನ ಊಹೆ. ಆ ಪಟ್ಟಿ ನೋಡಿದಾಗಲೆಲ್ಲ ನೀವು ಮೊದಲು 420ಕ್ಕೆ ಹೋಗುತ್ತೀರಿ, ಅಲ್ಲಿಂದ 318ಕ್ಕೆ ಬರುತ್ತೀರಿ. ಅಂದರೆ ದಿನವೂ ಹಳೆಯದನ್ನೇ ಮತ್ತಷ್ಟು ಗಟ್ಟಿ ಮಾಡುತ್ತಿದ್ದೀರಿ. ಕೋರ್ಟಿನ ಆತುರದಲ್ಲಿ ಎರಡನೆಯ ಹೆಜ್ಜೆ ತಪ್ಪಿಹೋಗುತ್ತದೆ, ನಾಲಿಗೆ ಮೊದಲನೆಯದರಲ್ಲೇ ನಿಲ್ಲುತ್ತದೆ. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಕನ್ನಡದಲ್ಲಿ ಕಟ್ಟಿ ಆಮೇಲೆ ಬದಲಾಯಿಸುವಾಗ ತಡವರಿಸುವುದು ಹೀಗೆಯೇ.

ಹಳೆಯ ಸಂಖ್ಯೆಯೇ ಇಲ್ಲದ ಚೀಟಿಗಳನ್ನು ಮಾಡಿ ನೋಡಿ. ಮುಂದಿನ ಬದಿಯಲ್ಲಿ ಒಂದು ಘಟನೆ ಇರಲಿ: "ಸಂತೆಯಿಂದ ಬರುತ್ತಿದ್ದ ಮಹಿಳೆಯ ಕೊರಳಿನ ಸರವನ್ನು ಬೈಕಿನಲ್ಲಿ ಬಂದವನು ಹಠಾತ್ತನೆ ಕಿತ್ತುಕೊಂಡು ಹೋದ." ಹಿಂದಿನ ಬದಿಯಲ್ಲಿ ಹೊಸ ಕಲಂ ಮಾತ್ರ. ಘಟನೆಯಿಂದ ನೇರವಾಗಿ ಹೊಸ ಸಂಖ್ಯೆಗೆ ಹೋಗುವ ದಾರಿಯನ್ನು ಬೇರೆಯಾಗಿಯೇ ಕಡಿಯಬೇಕು. ಚೀಟಿಗಳನ್ನು ಕಲಸಿ, ಯಾರಾದರೂ ಕೇಳಲಿ, ನೀವು ಗಟ್ಟಿಯಾಗಿ ಹೇಳಿ.

ತಾಲ್ಲೂಕು ವಕೀಲ, ಶಿವಮೊಗ್ಗ ಜಿಲ್ಲೆ

ಸರ ಕಿತ್ತುಕೊಳ್ಳುವುದು ಈಗ 304, ಹೊಸದಾಗಿ ಸೇರಿಸಿದ ಅಪರಾಧ. ನಮ್ಮ ಹಳೆಯ 304 ಕೊಲೆಯಲ್ಲದ ನರಹತ್ಯೆ. ನೀವು ಆರಿಸಿದ ಉದಾಹರಣೆಯೇ ನಾನು ಎಡವುವ ಜಾಗಕ್ಕೆ ಸರಿಯಾಗಿ ಬಂದಿದೆ.

ಆದರೆ ಒಂದು ಮಾತು. ಹಳೆಯದನ್ನು ಮರೆಯುವ ಸ್ವಾತಂತ್ರ್ಯ ನನಗಿಲ್ಲ. 2024ರ ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ದಂಡ ಸಂಹಿತೆಯೇ ಅನ್ವಯಿಸುತ್ತದೆ, ಆಗಲೇ ಬಾಕಿ ಇದ್ದ ವಿಚಾರಣೆಗಳು ಹಳೆಯ ಪ್ರಕ್ರಿಯೆಯಲ್ಲೇ ನಡೆಯುತ್ತಿವೆ. ಜೂನ್‌ನಲ್ಲಿ ಆದ ಹೊಡೆದಾಟಕ್ಕೆ ಜುಲೈನಲ್ಲಿ ದೂರು ದಾಖಲಾಗಿದ್ದರೆ, ಅಪರಾಧದ ಕಲಂ ಹಳೆಯದು, ಪ್ರಥಮ ವರ್ತಮಾನ ವರದಿ ಮಾತ್ರ ಹೊಸ ಸುರಕ್ಷಾ ಸಂಹಿತೆಯ 173ರಡಿ. ಬೆಳಗ್ಗೆ ಹನ್ನೊಂದಕ್ಕೆ ಒಂದು ಕಾನೂನು, ಹನ್ನೆರಡಕ್ಕೆ ಇನ್ನೊಂದು.

ಶಿಕ್ಷಣ ಕಾಲೇಜಿನ ಉಪನ್ಯಾಸಕಿ, ಮೈಸೂರು

ಹಾಗಿದ್ದರೆ ಕಲಂ ಎರಡನೆಯ ಪ್ರಶ್ನೆಯಾಗಲಿ, ಮೊದಲನೆಯದು ಘಟನೆಯ ದಿನಾಂಕವಾಗಲಿ. ಪ್ರತಿ ಚೀಟಿಯಲ್ಲೂ ಒಂದು ದಿನಾಂಕ ಬರೆಯಿರಿ. ಅದನ್ನು ಗಟ್ಟಿಯಾಗಿ ಓದದೆ ಉತ್ತರ ಹೇಳಿದರೆ, ಸಂಖ್ಯೆ ಸರಿಯಿದ್ದರೂ ತಪ್ಪೆಂದೇ ಲೆಕ್ಕ ಹಾಕಿ.

ಕರಡು ತಿದ್ದುವವನು, ಬೆಂಗಳೂರು

ನಾನು ಮೊದಲು ಅಚ್ಚುಮೊಳೆ ಜೋಡಿಸುತ್ತಿದ್ದವನು. ಕತ್ತಲಲ್ಲೂ ಯಾವ ಖಾನೆಯಲ್ಲಿ ಯಾವ ಒತ್ತಕ್ಷರ ಇದೆ ಎಂದು ಕೈಗೆ ಗೊತ್ತಿತ್ತು. ಮುದ್ರಣಾಲಯ ಮೊಳೆಗಳನ್ನು ತೂಕಕ್ಕೆ ಮಾರಿದ ದಿನ ನನ್ನ ವಿದ್ಯೆಯೂ ತೂಕಕ್ಕೆ ಹೋಯಿತು ಎಂದುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ನನಗೆ ಕಲಿಸಿದ್ದು ನನಗಿಂತ ಮೂವತ್ತು ವರ್ಷ ಚಿಕ್ಕವಳಾದ ಒಬ್ಬ ಡಿಟಿಪಿ ಆಪರೇಟರ್.

ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಗಳ ಯೂನಿಕೋಡಿಗೆ ಬದಲಾದ ಮೇಲೆ ಒಂದು ಪುಸ್ತಕದಲ್ಲಿ ಎಲ್ಲೆಡೆ "ರ್ಯಾಂಕ್" ಎಂದು ಬಂದಿತ್ತು. ಆಪರೇಟರುಗಳಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ನನಗೆ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು, ಏಕೆಂದರೆ ಮೊಳೆ ಜೋಡಿಸುವಾಗ "ಸೂರ್ಯ"ದ ಅರ್ಕಾವತ್ತು ಒಂದು ಖಾನೆ, ರಕಾರಕ್ಕೆ ಯಕಾರದ ಒತ್ತು ಕೊಡುವುದು ಇನ್ನೊಂದು ಖಾನೆ. "ರ‍್ಯಾಂಕ್" ಎಂದು ಬರಬೇಕಾದರೆ ರಕಾರದ ಪಕ್ಕದಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಹಾಕಬೇಕು ಎಂದು ಅದೇ ಹುಡುಗಿ ಹುಡುಕಿ ತೋರಿಸಿಕೊಟ್ಟಳು. ತಪ್ಪು ಯಾವುದೆಂದು ನನಗೆ ಗೊತ್ತಿತ್ತು, ತಿದ್ದುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಒಂದೇ ಮೇಜಿನಲ್ಲಿ ಕುಳಿತದ್ದರಿಂದ ಅರ್ಧ ಗಂಟೆಯಲ್ಲಿ ಮುಗಿಯಿತು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತಿದ್ದರೆ ಪುಸ್ತಕ ತಪ್ಪಾಗಿಯೇ ಅಚ್ಚಾಗುತ್ತಿತ್ತು.

ಕಿರಿಯ ವಕೀಲೆ, ಬಳ್ಳಾರಿ

ಹಿರಿಯರ ಚರ್ಚೆಯಲ್ಲಿ ಕಿರಿಯಳಾದ ನಾನು ಮಾತಾಡಬಹುದೇ ಎಂದು ಹಿಂಜರಿದಿದ್ದೆ, ಕರಡು ತಿದ್ದುವ ಹಿರಿಯರ ಮಾತು ಧೈರ್ಯ ಕೊಟ್ಟಿತು.

ನಮ್ಮ ಸೀನಿಯರ್ ಅವರಿಗೆ ಅರವತ್ತು ದಾಟಿದೆ. ಹೊಸ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಹಳೆಯ 65ಬಿಯಲ್ಲೂ ಪ್ರಮಾಣಪತ್ರವಿತ್ತು, ಆದರೆ ಈಗ ಅನುಸೂಚಿಯಲ್ಲೇ ನಮೂನೆ ಇದೆ. ಎ ಭಾಗವನ್ನು ದಾಖಲೆ ಹಾಜರುಪಡಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು, ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ದಾಖಲೆಯ ಬೆರಳಚ್ಚಿನಂತೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಸಂಕೇತ, ಬರೆಯಬೇಕು. ಹ್ಯಾಶ್ ಎಂದರೇನು ಎಂದು ಅವರು ನನ್ನನ್ನು ನೇರವಾಗಿ ಕೇಳಲಿಲ್ಲ. ಎರಡು ವಾರ ಆ ಕಡತವನ್ನೇ ಮುಂದೂಡುತ್ತಾ ಬಂದರು. ಕೇಳಲು ಸಂಕೋಚ ಎಂದು ನನಗೆ ಅರ್ಥವಾಯಿತು.

ಒಂದು ಸಂಜೆ ಕಕ್ಷಿದಾರರೆಲ್ಲ ಹೋದ ಮೇಲೆ, ಅವರೇ ಬರೆಯಿಸಿದ್ದ ಒಂದು ಅರ್ಜಿಯ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಎಸ್‌ಎಚ್‌ಎ 256 ಹ್ಯಾಶ್ ತೆಗೆದು ತೋರಿಸಿದೆ. 64 ಅಕ್ಷರ ಮತ್ತು ಅಂಕಿಗಳ ಒಂದು ಸಾಲು. ಆಮೇಲೆ ಕೊನೆಯ ವಾಕ್ಯದ ಪೂರ್ಣವಿರಾಮವೊಂದನ್ನು ಮಾತ್ರ ಅಳಿಸಿ, ಉಳಿಸಿ, ಮತ್ತೆ ಹ್ಯಾಶ್ ತೆಗೆದೆ. ಇಡೀ ಸಾಲು ಬೇರೆಯಾಗಿತ್ತು. ಅವರು ಎರಡೂ ಸಾಲುಗಳನ್ನು ಕಾಗದಕ್ಕೆ ಬರೆದುಕೊಂಡು ಒಂದರ ಕೆಳಗೊಂದು ಇಟ್ಟು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ಮೊಬೈಲ್ ಜಪ್ತಿ ಮಾಡಿದ ದಿನ ಹ್ಯಾಶ್ ತೆಗೆದಿದ್ದಾರೆಯೇ, ಅಥವಾ ಪ್ರಯೋಗಾಲಯಕ್ಕೆ ಕಳಿಸುವಾಗ ತೆಗೆದಿದ್ದಾರೆಯೇ? ನಡುವೆ ಅದು ಎಷ್ಟು ದಿನ ಯಾರ ಕೈಯಲ್ಲಿತ್ತು?" ಎಂದರು. ಹ್ಯಾಶ್ ತೆಗೆಯಲು ನನಗೆ ಬರುತ್ತಿತ್ತು, ಆ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ. ತನಿಖಾಧಿಕಾರಿಯ ಪಾಟೀಸವಾಲಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ಅದು.

ಶಿವಮೊಗ್ಗದ ಸರ್, ನಿಮ್ಮ ಜೂನಿಯರ್ ಕೂಡ ನೀವು ಕೇಳಲಿ ಎಂದು ಕಾಯುತ್ತಿರಬಹುದು. ನಾವಾಗಿಯೇ ಹೇಳಿಕೊಡಲು ಹೋದರೆ ಉದ್ಧಟತನವಾದೀತೆಂದು ನಮಗೆ ಭಯವಿರುತ್ತದೆ.

ತಾಲ್ಲೂಕು ವಕೀಲ, ಶಿವಮೊಗ್ಗ ಜಿಲ್ಲೆ (ಐದು ವಾರಗಳ ನಂತರ)

ಎಲ್ಲರಿಗೂ ಉತ್ತರಿಸಲು ತಡವಾಯಿತು. ಮಾಡಿ ನೋಡಿಯೇ ಬರೆಯೋಣ ಎಂದುಕೊಂಡಿದ್ದೆ.

ಬಳ್ಳಾರಿಯ ಮಗಳ ಬರಹ ಓದಿದ ಮರುದಿನವೇ ನನ್ನ ಜೂನಿಯರ್ ಅವರನ್ನು ಕರೆದು, ಶನಿವಾರ ಸಂಜೆ ಆರರಿಂದ ಏಳರವರೆಗೆ ನನಗೆ ಪಾಠ ಹೇಳಬೇಕೆಂದು ಕೇಳಿದೆ. ಅವರು ಮೊದಲು ನಂಬಲಿಲ್ಲ. ಮೇಜಿನ ಗಾಜಿನ ಕೆಳಗಿದ್ದ ಎರಡು ಕಾಲಮ್ಮಿನ ಪಟ್ಟಿಯನ್ನು ತೆಗೆದುಹಾಕಿದೆ. ನಮ್ಮದೇ ಕಚೇರಿಯ ಮುಗಿದ ಕಡತಗಳಿಂದ 60 ಘಟನೆಗಳನ್ನು ಆರಿಸಿ, ಹೆಸರು, ಊರು ಬಿಟ್ಟು, ಕೆಲವಕ್ಕೆ ದಿನಾಂಕ ಬದಲಾಯಿಸಿ ಚೀಟಿ ಮಾಡಿದೆವು. ಮೊದಲ ಶನಿವಾರ 60ಕ್ಕೆ 23 ಸರಿಯಾದವು. ತಪ್ಪಾದ 37ರಲ್ಲಿ ಕಲಂ ಗೊತ್ತಿಲ್ಲದೆ ತಪ್ಪಿದ್ದು ಒಂಬತ್ತು ಮಾತ್ರ, ಉಳಿದವೆಲ್ಲ ಹಳೆಯ ಸಂಖ್ಯೆ ನುಗ್ಗಿದ್ದು ಅಥವಾ ದಿನಾಂಕ ಓದದೆ ಹೇಳಿದ್ದು. ಹಾಸನದವರ ಕೆಂಪು ಗೆರೆಯನ್ನು ನಾನೂ ಹಾಕಿದೆ. ಕಳೆದ ಶನಿವಾರ 51 ಸರಿಯಾಗಿದ್ದವು. 482 ಮತ್ತು 528ರಲ್ಲಿ ಇನ್ನೂ ಒಮ್ಮೊಮ್ಮೆ ತಡವರಿಸುತ್ತೇನೆ.

ಡಾಕ್ಟರ ಮೂರನೆಯ ನಿಯಮವನ್ನೂ ನನ್ನ ಕೆಲಸಕ್ಕೆ ಹೊಂದಿಸಿಕೊಂಡಿದ್ದೇನೆ. ನನ್ನ ಕಚೇರಿಯಿಂದ ಹೊರಡುವ ಯಾವ ಅರ್ಜಿಯಾದರೂ ಮೊದಲ ಪುಟದ ಬಲ ಮೂಲೆಯಲ್ಲಿ ಘಟನೆಯ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದಿರಬೇಕು. ನಾನು ಹೇಳಿ ಬರೆಯಿಸಿದ ಕಲಂಗಳನ್ನು ಜೂನಿಯರ್ ಪುಸ್ತಕ ತೆರೆದು ನೋಡಿಯೇ ಸಹಿಗೆ ಕಳಿಸಬೇಕು. ನನ್ನ ನೆನಪಿನ ಮೇಲೆ ಇನ್ನು ಯಾವ ಅರ್ಜಿಯೂ ಹೋಗುವುದಿಲ್ಲ. ಪ್ರತಿಯಾಗಿ ಆ ಒಂದು ಗಂಟೆಯ ಕೊನೆಯ ಹದಿನೈದು ನಿಮಿಷ ಪಾಟೀಸವಾಲು ನನ್ನ ಪಾಠ. ಒಬ್ಬ ಸಾಕ್ಷಿಯ ಹೇಳಿಕೆ ಇಟ್ಟುಕೊಂಡು, ಯಾವ ಪ್ರಶ್ನೆಯನ್ನು ಕೇಳಬಾರದು ಎಂಬುದನ್ನು ಮೊದಲು ಹೇಳಿಕೊಡುತ್ತಿದ್ದೇನೆ.

ಮುಂದಿನ ಶನಿವಾರಕ್ಕೆ ಸುರಕ್ಷಾ ಸಂಹಿತೆಯ 105ನೆಯ ಕಲಂ ತೆಗೆದುಕೊಂಡಿದ್ದೇವೆ. ಶೋಧನೆ ಮತ್ತು ಜಪ್ತಿಯನ್ನು ಧ್ವನಿ ಮತ್ತು ದೃಶ್ಯ ಸಹಿತ ಮುದ್ರಿಸಿ, ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎಂಬ ಕಲಂ ಅದು. ಪುಸ್ತಕದಲ್ಲಿ ಇರುವುದು ಗೊತ್ತಿದೆ. ರಾತ್ರಿ ಹೊತ್ತು, ಮಳೆಯಲ್ಲಿ, ಒಬ್ಬರೇ ಪೇದೆ ಇರುವಾಗ ಮೊಬೈಲ್ ಹಿಡಿಯುವವರು ಯಾರು, ಪಂಚನಾಮೆ ಬರೆಯುವವರು ಯಾರು ಎಂಬುದು ನನಗೆ ಕಣ್ಣಿಗೆ ಕಟ್ಟುತ್ತಿಲ್ಲ. ಜಪ್ತಿ ಪಂಚನಾಮೆ ಮಾಡಿ ಅನುಭವವಿರುವ ಪೊಲೀಸ್ ಅಧಿಕಾರಿಗಳು, ನಿವೃತ್ತರಾದರೂ ಸರಿ, ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಶುಕ್ರವಾರದೊಳಗೆ ಬರೆಯಿರಿ.